ಆಯಿಯ ಹೊರಸಿನ ಕೆಳಗೆ

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಮಲಗುತ್ತಿದ್ದದ್ದು ಒಂದೇ ಜಾಗದಲ್ಲಿ. ಪಡಸಾಲೆಯ ಬಡಗಣ ಮೂಲೆ. ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಿದ್ದೆವು. ಕಲಬುರಗಿ ಕಡೆಯ ಮೇ ತಿಂಗಳಲ್ಲಿ ಒಳಗೆ ಮಲಗುವುದು ಎಂಥ ಕಷ್ಟ ಅಂತ ಮಲಗಿದವರಿಗೇ ಗೊತ್ತು. ಆಯಿ ಮಾತ್ರ ಹೊರಸು ಬಿಟ್ಟು ಏಳುತ್ತಿರಲಿಲ್ಲ. ಬೀಸಣಿಗೆ ಹಿಡಿದು ಅಲ್ಲೇ ಬೆವರುತ್ತಿದ್ದಳು. ಯಾಕೆ ಅಂತ ಕೇಳಿದರೆ, "ನಮ್ಮ ಮಾವ ಇಟ್ಟದ್ದು ಕೆಳಗ ಅದ. ನಾ ಎದ್ದು ಹೋದ್ರ ಯಾರ್ ಕಾಯಬೇಕು?" ಅನ್ನುತ್ತಿದ್ದಳು.

ಕಥೆ 1948ರದು. ನಿಜಾಮರ ಪರ ನಿಂತ ಖಾಸಗಿ ಪಡೆ ರಜಾಕಾರರ ಗದ್ದಲ ಜೋರಾದ ದಿನಗಳು. ಚಿತ್ತಾಪುರ ತಾಲ್ಲೂಕಿನ ನಮ್ಮ ಊರು ಕಾಗಿಣಾ ದಂಡೆಯಲ್ಲಿದೆ. ಅನುಕೂಲ ಇದ್ದವರು, ಇಲ್ಲದವರು, ಎಲ್ಲ ನಿಜಾಮರ ರಾಜ್ಯದ ಗಡಿ ದಾಟಿ ಸೊಲ್ಲಾಪುರದ ಕಡೆ ಹೊರಟಿದ್ದರು. ಹೊರಡುವ ಹಿಂದಿನ ರಾತ್ರಿ ಆಯಿಯ ಮಾವ, ಅಂದರೆ ನಮ್ಮ ಮುತ್ಯಾನ (ಅಜ್ಜನ) ಅಪ್ಪ, ಒಂದು ಹಿತ್ತಾಳೆ ತಂಬಿಗೆಯಲ್ಲಿ ನಿಜಾಮರ ಬೆಳ್ಳಿ ನಾಣ್ಯವಾದ ಹಾಲಿ ರೂಪಾಯಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಪಡಸಾಲೆಯ ಮಣ್ಣಿನ ನೆಲ ಅಗೆದು ಹೂತರು. ಕಂದೀಲು ಹಿಡಿದು ನಿಂತವಳು ಆಯಿ. ಆಗ ಅವಳಿಗೆ ಹದಿನಾಲ್ಕು ವರ್ಷ, ಆ ಮನೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಅಳತೆಯನ್ನು ಅವಳು ಪಾಠದ ಹಾಗೆ ಒಪ್ಪಿಸುತ್ತಿದ್ದಳು. ಅಂಗಳದ ಹಗೇವಿನ ಬಾಯಿಂದ ಬಡಗಣಕ್ಕೆ ಮೂರು ಮಾರು. ಆಳ ಎರಡು ಮೊಳ.

ಹಗೇವು ಅಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ನೆಲದೊಳಗೆ ಬಾವಿಯ ಹಾಗೆ ತೋಡಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜ. ಬರಗಾಲಕ್ಕೆ ಜೋಳ ಕೊಟ್ಟಿದ್ದು ಅದೇ. ನಮ್ಮ ಕಡೆ ಬೆಲೆಬಾಳುವುದನ್ನು ನೆಲದ ಕೈಗೆ ಕೊಡುವುದು ಹೊಸದಲ್ಲ.

ಆಯಿ ತೀರಿಕೊಂಡ ಮೇಲೆ ಮನೆ ಎರಡು ಮಳೆಗಾಲ ತಡೆಯಿತು. ಮೂರನೆಯದಕ್ಕೆ ಗೋಡೆ ಕುಸಿಯಿತು. ಪಡಸಾಲೆಗೆ ಹಾಸಿದ್ದ ಪರಸಿ ಕಲ್ಲು ಎತ್ತಿ ಅಣ್ಣತಮ್ಮಂದಿರು ಹಂಚಿಕೊಂಡರು. ಉಳಿದದ್ದು ಮಣ್ಣಿನ ದಿಬ್ಬ, ಅದರ ಮೇಲೆ ಜಾಲಿ. ಹಗೇವಿನ ಬಾಯಿ ಎಲ್ಲಿತ್ತು ಅಂತ ಯಾರಿಗೂ ಸರಿಯಾಗಿ ನೆನಪಿಲ್ಲ. ಆಗ ನನಗೆ ಮೆಟಲ್ ಡಿಟೆಕ್ಟರ್ ಯೋಚನೆ ಬಂತು.

ಶುರುವಿನಲ್ಲೇ ಒಬ್ಬ ಮಾರಾಟಗಾರ ಸಿಕ್ಕ. ಅವನ ಮಶಿನ್‌ಗೆ ಕಾಯಿಲ್ ಇಲ್ಲ. ಒಂದು ಹಿಡಿ, ಅದರ ತುದಿಗೆ ತಿರುಗುವ ಕಡ್ಡಿ. ಮೂವತ್ತು ಅಡಿ ಆಳ, ಅರ್ಧ ಕಿಲೋಮೀಟರ್ ದೂರದ ಬಂಗಾರ ತೋರಿಸುತ್ತದೆ ಅಂದ. ನಮ್ಮ ಕಡೆ ಅಂಜನ ಹಾಕಿಸಿ ನಿಧಿ ನೋಡುವವರು ಇದ್ದಾರಲ್ಲ, ಅದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಇಂಥದ್ದೇ ಕಡ್ಡಿಯನ್ನು ಎಡಿಇ 651 ಅಂತ ಹೆಸರಿಟ್ಟು, ಬಾಂಬ್ ಹುಡುಕುವ ಯಂತ್ರ ಅಂತ ಇರಾಕ್‌ಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್‌ನ ಕೋರ್ಟು 10 ವರ್ಷ ಜೈಲು ಹಾಕಿತು. ಒಳಗೆ ಕೆಲಸ ಮಾಡುವ ಭಾಗವೇ ಇರಲಿಲ್ಲ. ಅದನ್ನು ನಂಬಿ ಗಾಡಿ ಬಿಟ್ಟ ಚೆಕ್‌ಪೋಸ್ಟ್‌ಗಳಲ್ಲಿ ಜನ ಸತ್ತರು. ದಯವಿಟ್ಟು ಇಂಥದ್ದಕ್ಕೆ ಹೊಲ ಅಡ ಇಡಬೇಡಿ.

ಹೈದರಾಬಾದಿನಲ್ಲಿರುವ ಗೆಳೆಯನೊಬ್ಬ ತನ್ನ ನಿಜವಾದ ಡಿಟೆಕ್ಟರನ್ನು ಎರಡು ತಿಂಗಳ ಮಟ್ಟಿಗೆ ಕೊಟ್ಟ. ಹನ್ನೊಂದು ಇಂಚಿನ ಕಾಯಿಲ್ ಒಂದು, ಹದಿನೈದರದು ಒಂದು. ಬಾಕ್ಸ್ ತೆರೆದ ದಿನ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಇದು ಎರಡು ಮೊಳ ಇಳಿಯುತ್ತದಾ?

ಇಳಿಯುವುದಿಲ್ಲ. ಯಾಕೆ ಅಂತ ಅರ್ಥ ಮಾಡಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಆ ವಾರ ನನಗೆ ತುಂಬ ಇಷ್ಟವಾಯಿತು, ಅದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಾಯಿಲ್ ಅಂದರೆ ತಾಮ್ರದ ತಂತಿಯ ಸುತ್ತು. ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕರೆಂಟ್ ಹರಿಯುತ್ತದೆ. ಸುತ್ತಲೂ ಅಯಸ್ಕಾಂತದ ಬಲ ಹುಟ್ಟಿ ನೆಲಕ್ಕೆ ಇಳಿಯುತ್ತದೆ. ಕೆಳಗೆ ನಾಣ್ಯ ಇದ್ದರೆ ಅದರ ಮೈಯಲ್ಲಿ ಸಣ್ಣ ಸುಳಿಯಂತೆ ಕರೆಂಟ್ ತಿರುಗುತ್ತದೆ. ಆ ಸುಳಿ ತನ್ನದೇ ಬಲವನ್ನು ಮೇಲಕ್ಕೆ ಕಳಿಸುತ್ತದೆ. ಇನ್ನೊಂದು ತಂತಿಸುತ್ತು ಅದನ್ನು ಕೇಳಿಸಿಕೊಂಡು ಹೆಡ್‌ಫೋನಿಗೆ ಸದ್ದು ಕೊಡುತ್ತದೆ. ಅಂದರೆ ಕೂಗು ಕೆಳಗೆ ಹೋಗಬೇಕು, ಓಗೊಟ್ಟದ್ದು ಮೇಲೆ ಬರಬೇಕು. ಎರಡೂ ದಾರಿಯಲ್ಲಿ ದೂರದ ಘನದ ಲೆಕ್ಕದಲ್ಲಿ ಬಲ ಕುಗ್ಗುತ್ತದೆ. ಸ್ವಲ್ಪ ಆಳಕ್ಕೆ ಹೋದ ಮೇಲೆ, ಆಳ ಎರಡರಷ್ಟಾದರೆ ಸದ್ದು ಅರ್ಧ ಆಗುವುದಲ್ಲ. 64ರಲ್ಲಿ ಒಂದು ಪಾಲು ಆಗುತ್ತದೆ. ಬ್ಯಾಟರಿ ದೊಡ್ಡದು ಮಾಡಿದರೆ ಆಳ ಸಿಗುತ್ತದೆ ಅಂದುಕೊಳ್ಳುವವರು ಈ ಒಂದು ಅಂಕಿ ನೆನಪಿಡಬೇಕು.

ಒಂಟಿ ನಾಣ್ಯಕ್ಕೆ ಒಳ್ಳೆ ಮಶಿನ್ ಕೂಡ ಒಂದಡಿ ಸುಮಾರಿಗೆ ದಣಿಯುತ್ತದೆ. ದೊಡ್ಡ ಕಾಯಿಲ್ ಹಾಕಿದರೆ ಬಲ ಇನ್ನಷ್ಟು ಕೆಳಗೆ ಇಳಿಯುತ್ತದೆ, ಆದರೆ ಸಣ್ಣ ಬಿಲ್ಲೆಗಳ ಸದ್ದು ತೆಳುವಾಗುತ್ತದೆ. ಜೊತೆಗೆ ಮಣ್ಣಿನ ಗದ್ದಲವೂ ಜಾಸ್ತಿ. ನಾಣ್ಯ ಮಲಗಿದೆಯಾ, ಅಂಚಿನ ಮೇಲೆ ನಿಂತಿದೆಯಾ ಅನ್ನುವುದೂ ಮುಖ್ಯ. ಮಲಗಿದ್ದು ಚೆನ್ನಾಗಿ ಓಗೊಡುತ್ತದೆ, ನಿಂತದ್ದು ಗೊಣಗುತ್ತದೆ. ಬೆಳ್ಳಿ, ತಾಮ್ರದ ದಪ್ಪ ನಾಣ್ಯಕ್ಕೆ ಕಡಿಮೆ ಫ್ರೀಕ್ವೆನ್ಸಿ ಒಳ್ಳೆಯದು. ತೆಳುವಾದ ಸಣ್ಣ ಬಿಲ್ಲೆಗಳಿಗೆ ಹೆಚ್ಚಿನ ಫ್ರೀಕ್ವೆನ್ಸಿ ಬೇಕು.

ನಮ್ಮ ದೇವರ ಮನೆಯಲ್ಲಿ ಒಂದು ಹಾಲಿ ರೂಪಾಯಿ ಉಳಿದಿತ್ತು. ನಿಜಾಮರ ಟಂಕಸಾಲೆಯದು. ಒಂದು ಮಗ್ಗುಲಿಗೆ ಚಾರ್‌ಮಿನಾರ್, ತೂಕ ಸುಮಾರು 11 ಗ್ರಾಂ. ಲಕ್ಷ್ಮೀಪೂಜೆಗೆ ಇಡುವ ಆ ನಾಣ್ಯವನ್ನೇ ನಾನು ಪರೀಕ್ಷೆಗೆ ತೆಗೆದುಕೊಂಡೆ. ದಾರ ಕಟ್ಟಿ, ನಾಲ್ಕು ಇಂಚು, ಆರು, ಎಂಟು ಅಂತ ಹೂಳುತ್ತಾ ಹೋದೆ. ಕಲಬುರಗಿ ಹತ್ತಿರದ ಎರೆ ಹೊಲದಲ್ಲಿ ಎಂಟು ಇಂಚಿನವರೆಗೆ ಸದ್ದು ಸ್ಪಷ್ಟವಾಗಿತ್ತು. ಚಿತ್ತಾಪುರದ ಕಡೆ, ಪರಸಿ ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಹನ್ನೊಂದು. ಬೀದರಿನ ಕೆಂಪು ನೆಲದಲ್ಲಿ ಐದಕ್ಕೇ ಮಶಿನ್ ತೊದಲತೊಡಗಿತು.

ಒಂದೇ ನಾಣ್ಯ, ಒಂದೇ ಮಶಿನ್. ನೆಲ ಬೇರೆ, ಅಷ್ಟೇ. ಬೀದರ್ ಕೂತಿರುವುದು ಜಂಬಿಟ್ಟಿಗೆಯ ಗುಡ್ಡದ ಮೇಲೆ. ಆ ಕೆಂಪೆಲ್ಲ ಕಬ್ಬಿಣದ ತುಕ್ಕು. ಕಾಯಿಲ್ ಕೆಳಗೆ ಇಡೀ ನೆಲವೇ ಲೋಹದಂತೆ ಮಾತಾಡುತ್ತದೆ. ಕಲಬುರಗಿಯ ಎರೆ ಮಣ್ಣು ಕರಿಕಲ್ಲು ಕರಗಿ ಆದದ್ದು, ಅದರಲ್ಲೂ ಅಯಸ್ಕಾಂತಕ್ಕೆ ಅಂಟುವ ಕಣಗಳಿವೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಕೆಳಗೆ ಸುಣ್ಣದ ಕಲ್ಲು. ಅದು ಮೌನಿ. ಯಾದಗಿರಿ, ಸುರಪುರದ ಕಡೆ ಹೋದರೆ ಬೆಣಚು ಬೆರೆತ ಗಟ್ಟಿ ಬಂಡೆ, ಅಲ್ಲಿ ಇನ್ನೊಂದು ರೀತಿ. ಬೀದರಿನ ಮಣ್ಣಿನ ಗುಣ ಬಿದರಿ ಕೆಲಸದವರಿಗೆ ಚೆನ್ನಾಗಿ ಗೊತ್ತು. ಸತು-ತಾಮ್ರದ ಪಾತ್ರೆಯನ್ನು ಕಪ್ಪಗೆ ಮಾಡಲು, ಬೆಳ್ಳಿಯ ಗೆರೆ ಹೊಳೆಯುವಂತೆ ಬಿಡಲು, ಅವರು ಕೋಟೆಯ ಮಣ್ಣನ್ನೇ ತರುತ್ತಾರೆ. ಎಷ್ಟೋ ತಲೆಮಾರಿನಿಂದ ಅವರ ಕೈಗೆ ಗೊತ್ತಿದ್ದದ್ದು ನನ್ನ ಮಶಿನ್‌ಗೆ ಒಂದೇ ನಿಮಿಷದಲ್ಲಿ ಗೊತ್ತಾಯಿತು ಅಂತ ನನಗೆ ಖುಷಿಯಾಯಿತು.

ಹಾಗಾಗಿ ಆಳ ಬೇಕು ಅನ್ನುವವರು ಮೊದಲು ನೆಲದ ಜೊತೆ ಮಾತು ಕುದುರಿಸಬೇಕು. ಲೋಹವಿಲ್ಲದ ಜಾಗದಲ್ಲಿ ಕಾಯಿಲ್ ಎತ್ತಿ ಇಳಿಸಿ, ನೆಲದ ಸದ್ದು ಸುಮ್ಮನಾಗುವವರೆಗೂ ಗ್ರೌಂಡ್ ಬ್ಯಾಲೆನ್ಸ್ ಮಾಡಬೇಕು. ಸೆನ್ಸಿಟಿವಿಟಿಯನ್ನು ಪೂರ್ತಿ ಏರಿಸಿದರೆ ಆಳ ಸಿಗುತ್ತದೆ ಅಂತ ನಾನೂ ನಂಬಿದ್ದೆ. ಗದ್ದಲದ ಮಣ್ಣಿನಲ್ಲಿ ಸ್ವಲ್ಪ ಇಳಿಸಿದಾಗಲೇ ಆಳದ ಸಣ್ಣ ದನಿ ಕೇಳಿಸಿದ್ದು. ಕಾಯಿಲ್ ನೆಲಕ್ಕೆ ಸಮನಾಗಿ, ತಾಗುವಷ್ಟು ಹತ್ತಿರ ಇರಬೇಕು. ಎರಡು ಇಂಚು ಮೇಲೆ ಹಿಡಿದರೆ ಆ ಎರಡು ಇಂಚು ಆಳದಿಂದಲೇ ಕಳೆಯಿತು ಅನ್ನಿ. ನಿಧಾನವಾಗಿ, ಒಂದರ ಮೇಲೊಂದು ಬರುವಂತೆ ಬೀಸಬೇಕು. ಪಲ್ಸ್ ಇಂಡಕ್ಷನ್ ಅನ್ನುವ ಇನ್ನೊಂದು ಬಗೆಯ ಮಶಿನ್ ಇದೆ. ಅದು ಬಲವನ್ನು ಥಟ್ಟನೆ ಕಡಿದು, ಲೋಹದಲ್ಲಿ ಉಳಿದ ಕರೆಂಟ್ ಆರುವುದನ್ನು ಕೇಳಿಸಿಕೊಳ್ಳುತ್ತದೆ. ಬೀದರಿನಂಥ ನೆಲಕ್ಕೆ ಅದೇ ಸರಿ. ಆದರೆ ಕಬ್ಬಿಣ ಯಾವುದು, ಬೆಳ್ಳಿ ಯಾವುದು ಅಂತ ಅದು ಅಷ್ಟಾಗಿ ಹೇಳುವುದಿಲ್ಲ. ಬಿದ್ದ ಮನೆಯ ಜಾಗದಲ್ಲಿ ಅದನ್ನು ಆಡಿಸಿದರೆ ಪ್ರತಿ ಮೊಳೆಗೂ ಗುದ್ದಲಿ ಹಾಕಬೇಕು.

1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ತಗುಲಿದಾಗ, ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೊಂದು ಯಂತ್ರ ಮಾಡಿ ಮೈಯಲ್ಲಿದ್ದ ಗುಂಡು ಹುಡುಕಲು ಹೋದ. ಸಿಗಲಿಲ್ಲ. ಹಾಸಿಗೆಯ ಕೆಳಗಿದ್ದ ಉಕ್ಕಿನ ತಂತಿ ಯಂತ್ರದ ಕಿವಿ ಕೆಡಿಸಿತು ಅನ್ನುತ್ತಾರೆ. ನಮ್ಮ ಬಿದ್ದ ಮನೆಯಲ್ಲಿ ಮೊದಲ ಎರಡು ದಿನ ನನಗೆ ಆದದ್ದೂ ಅದೇ. ಮೊಳೆ, ಚಿಲಕ, ಎತ್ತಿನ ಲಾಳ, ಗಾಡಿಯ ಕೀಲು. ಮೇಲಿನ ಒಂದಡಿ ಮಣ್ಣಿನ ತುಂಬ ಕಬ್ಬಿಣ. ಅದನ್ನೆಲ್ಲ ಆರಿಸಿ ತೆಗೆಯದೆ ಕೆಳಗಿನದು ಕೇಳುವುದೇ ಇಲ್ಲ.

ಕಾನೂನಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ವಂತ ಜಾಗ ಅಂತ ಸಿಕ್ಕಿದ್ದೆಲ್ಲ ನಮ್ಮದಾಗುವುದಿಲ್ಲ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯಲ್ಲಿ 10 ರೂಪಾಯಿಗಿಂತ ಜಾಸ್ತಿ ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತಿತ್ತು. ಕರ್ನಾಟಕಕ್ಕೆ 1962ರದು ಬೇರೆ ಕಾಯ್ದೆಯೇ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಇನ್ನು ರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಕಲಬುರಗಿ ಕೋಟೆ, ಬೀದರ್ ಕೋಟೆ, ಸನ್ನತಿ, ಅಲ್ಲಿಗೆ ಈ ಮಶಿನ್ ತೆಗೆದುಕೊಂಡು ಹೋಗುವ ಯೋಚನೆಯೂ ಬೇಡ. ನಾನು ಅಗೆಯುವ ಮುಂಚೆ ತಾಲ್ಲೂಕು ಕಚೇರಿಗೆ ಹೋಗಿ ಹೇಳಿ ಬಂದೆ. ಆಮೇಲೆ ಸಿಕ್ಕದ್ದರ ಫೋಟೋ ಇಟ್ಟು ಅರ್ಜಿಯನ್ನೂ ಕೊಟ್ಟೆ.

ಕಾನೂನಿಗೆ ಹೆದರಿ ಮಾತ್ರ ಇದನ್ನು ಹೇಳುತ್ತಿಲ್ಲ. ಸನ್ನತಿ ನಮ್ಮೂರಿಗೆ ದೂರವಿಲ್ಲ. ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಅವನ ಚಿತ್ರವೇ ಬಂತು. ಶಾತವಾಹನರ ಸೀಸದ ನಾಣ್ಯಗಳೂ ಆ ನೆಲದಲ್ಲಿವೆ. ಸೀಸದ ಬಿಲ್ಲೆಗೆ ಸಂತೆಯಲ್ಲಿ ಏನು ಬೆಲೆ? ಆದರೆ ಅದು ಯಾವ ಗೋಡೆಯ ಕೆಳಗೆ, ಯಾವ ಪದರದಲ್ಲಿ ಕೂತಿತ್ತು ಅಂತ ಬರೆದಿಟ್ಟರೆ ಆ ಗೋಡೆಯ ವಯಸ್ಸು ಗೊತ್ತಾಗುತ್ತದೆ. ಕಿತ್ತು ಜೇಬಿಗೆ ಹಾಕಿದರೆ ಗೋಡೆಯೂ ಮೂಕ, ಬಿಲ್ಲೆಯೂ ಮೂಕ. ನಮ್ಮ ಹೊಲಗಳಲ್ಲಿ ನಿಧಿಗಳ್ಳರು ಸೀಳಿ ಹಾಕಿದ ನಂದಿಗಳನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆಳವೊಂದೇ ವಯಸ್ಸು ಹೇಳುವುದಿಲ್ಲ ಅನ್ನುವುದನ್ನೂ ನಾನು ಆಗಲೇ ಕಲಿತೆ. ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಕೋಲು ಇಳಿಸಿ ನೋಡಿ, ಎರಡು ಮೊಳ ಸಲೀಸಾಗಿ ಹೋಗುತ್ತದೆ. ನಿನ್ನೆ ಬಿದ್ದ ನಾಣ್ಯ ಅಲ್ಲಿಗೆ ಜಾರುತ್ತದೆ. ಮಳೆ ಬಿದ್ದರೆ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ. ಮೇಲಿನದು ಕೆಳಗೆ, ಕೆಳಗಿನ ಕಲ್ಲು ಮೇಲೆ. ಮಣ್ಣು ತನ್ನನ್ನು ತಾನೇ ಉಳುತ್ತದೆ.

ಮೂರನೇ ದಿನ ಕಾಕಾ ಬಂದರು. ಅಪ್ಪನ ತಮ್ಮ, ಎಪ್ಪತ್ತು ದಾಟಿದೆ. ನಾನು ಹೆಡ್‌ಫೋನ್ ಹಾಕಿಕೊಂಡು ಗೆರೆ ಗೆರೆಯಾಗಿ ಬೀಸುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಹಗೇವು ಎಲ್ಲದ ಅಂತ ಗೊತ್ತಿಲ್ದೆ ಯಾನ್ ಹುಡುಕ್ಲತ್ತಿ ತಮ್ಮಾ?"

ಹಗೇವಿನಲ್ಲಿ ಲೋಹ ಇಲ್ಲವಲ್ಲ ಕಾಕಾ, ಮಶಿನ್‌ಗೆ ಕಾಣುವುದಿಲ್ಲ ಅಂದೆ. ಅವರು ಉತ್ತರ ಕೊಡಲಿಲ್ಲ. ಹಾರೆ ತೆಗೆದುಕೊಂಡು ಅಂಗಳದುದ್ದಕ್ಕೂ ನೆಲ ಕುಟ್ಟುತ್ತಾ ಹೋದರು. ಧಪ್, ಧಪ್, ಧಪ್. ಜಾಲಿ ಗಿಡದ ಬುಡದಲ್ಲಿ ಸದ್ದು ಬದಲಾಯಿತು. ಧೊಂ. ಕಾಕಾ ನಿಂತು ನನ್ನ ಕಡೆ ನೋಡಿದರು. ಮಣ್ಣು ಕೆರೆದರೆ ಮುಚ್ಚಿದ ಕಲ್ಲು ಇತ್ತು.

ಅಲ್ಲಿಂದ ಬಡಗಣಕ್ಕೆ ಮೂರು ಮಾರು. ಕಾಕಾನೇ ಕೈ ಚಾಚಿ ಅಳೆದರು. ಆಯಿಯ ಮಾವ ಎತ್ತರದ ಆಳು, ಅವರ ಮಾರು ಉದ್ದ ಇದ್ದೀತು ಅಂತ ಒಂದು ಗೇಣು ಜಾಸ್ತಿಯೇ ಬಿಟ್ಟೆವು.

ಅಲ್ಲಿ ಎಂಟು ಇಂಚಿಗೆ ಒಂದು ಸದ್ದು ಬಂತು. ತೆಗೆದರೆ ಕಂಚಿನ ಎರಡು ಪೈ. ನಿಜಾಮರ ತುಘ್ರಾ, ಅಂದರೆ ಬಳ್ಳಿಯಂತೆ ಹೆಣೆದ ಅಕ್ಷರ, ಹಿಜರಿ 1338. ಅಂದರೆ 1919-20. ಮಣ್ಣಿನ ನೆಲದಲ್ಲಿ ಯಾರ ಕೈಯಿಂದಲೋ ಬಿದ್ದು, ಸಗಣಿ ಸಾರಿಸುತ್ತಾ ಸಾರಿಸುತ್ತಾ ಒಳಗೆ ಸೇರಿದ್ದು. ಅದರ ಕೆಳಗೆ ದೊಡ್ಡ ಕಾಯಿಲ್ ಕೂಡ ಸುಮ್ಮನಿತ್ತು. ತಂಬಿಗೆ ತುಂಬ ಬೆಳ್ಳಿ ಅಂದರೆ ಒಂಟಿ ನಾಣ್ಯದ ಹಾಗಲ್ಲ, ಒಟ್ಟು ಗಾತ್ರ ದೊಡ್ಡದು. ಹದಿನೈದು ಇಂಚಿನ ಕಾಯಿಲ್‌ಗೆ ಒಂದಿಷ್ಟಾದರೂ ದನಿ ಬರಬೇಕಿತ್ತು. ಬರಲಿಲ್ಲ. ಅದು ಅಲ್ಲಿಲ್ಲ ಅಂತ ನನಗೆ ಆಗಲೇ ಅನಿಸಿತು. ಆದರೂ ಅಗೆದೆವು. ಆಳದ ನಾಣ್ಯಕ್ಕೆ ಇರುವ ನಿಜವಾದ ಉಪಾಯ ಅದೊಂದೇ. ಒಂದು ಗೇಣು ತೆಗೆ, ಮಶಿನ್ ಗುಂಡಿಯೊಳಗೆ ಇಳಿಸು, ಕೇಳು, ಮತ್ತೆ ಒಂದು ಗೇಣು ತೆಗೆ.

ಗುಂಡಿಯ ಗೋಡೆಯನ್ನು ಸವರಿದಾಗ ಪದರಗಳು ಕಂಡವು. ಬೂದಿ, ಹಳದಿ ಮಣ್ಣು, ಸುಣ್ಣದ ಗೆರೆ. ಆದರೆ ಒಂದು ಪಕ್ಕದಲ್ಲಿ ಆ ಗೆರೆಗಳೆಲ್ಲ ಕಡಿದು ಹೋಗಿದ್ದವು. ಅಲ್ಲಿ ಎಲ್ಲ ಕಲಸಿದ ಮಣ್ಣು. ಯಾರೋ ಅಗೆದ ಗುಂಡಿ, ಮತ್ತೆ ಮುಚ್ಚಿದ್ದು. ಆಯಿಯ ಅಳತೆ ಒಂದು ಗೇಣೂ ತಪ್ಪಿರಲಿಲ್ಲ.

ಮೂರು ಅಡಿಗೆ ಹೆಡ್‌ಫೋನಿನಲ್ಲಿ ಸಣ್ಣದಾಗಿ ಕುಂಯ್ ಅಂತು. ನನ್ನ ಕೈ ನಡುಗುತ್ತಿತ್ತು. ಬೆರಳಿಂದಲೇ ಮಣ್ಣು ಬಿಡಿಸಿದೆ. ಕಿರುಬೆರಳ ಉಗುರಿಗಿಂತ ಸ್ವಲ್ಪ ದೊಡ್ಡ ಕಂಚಿನ ಬಿಲ್ಲೆ. ತೊಳೆದು ಬೆಳಕಿಗೆ ಹಿಡಿದೆ. ಚಾರ್‌ಮಿನಾರ್ ಇಲ್ಲ. ಅಶೋಕನ ಸಿಂಹಗಳು. ಹಿಂದಿಯಲ್ಲಿ ರೂಪಾಯಿಯ ನೂರನೇ ಭಾಗ, ಒಂದು ನಯಾ ಪೈಸಾ, 1957.

1948ರಲ್ಲಿ ಹೂತ ಗುಂಡಿಯ ತಳದಲ್ಲಿ 1957ರ ಪೈಸೆ. ಎಂಟು ಇಂಚಿನಲ್ಲಿ ಇದ್ದದ್ದು ಹಳೆಯದು, ಮೂರು ಅಡಿಯಲ್ಲಿ ಇದ್ದದ್ದು ಹೊಸದು. ಕಾಕಾಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು, ಆಮೇಲೆ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟರು.

ಹಾಲಿ ರೂಪಾಯಿ ನಿಜಾಮರ ಆಳ್ವಿಕೆ ಮುಗಿದ ದಿನವೇ ಸಾಯಲಿಲ್ಲ. 1959ರವರೆಗೂ ನಮ್ಮ ಕಡೆ ಭಾರತದ ರೂಪಾಯಿಯ ಜೊತೆಜೊತೆಗೆ ನಡೆಯಿತು. ಏಳು ಹಾಲಿಗೆ ಆರು ಕಲದಾರ, ಅಂದರೆ ಭಾರತದ ರೂಪಾಯಿ. ಇನ್ನು ನಡೆಯುವುದಿಲ್ಲ ಅಂತಾದಾಗ, ನೆಲದಲ್ಲಿ ಇಟ್ಟವರು ತೆಗೆಯಲೇಬೇಕಿತ್ತು.

"ಅದೇ ವರ್ಷ ಅತ್ತಿ ಲಗ್ನ ಆಯ್ತು," ಅಂದರು ಕಾಕಾ. ಅತ್ತಿ ಅಂದರೆ ಮುತ್ಯಾನ ಕೊನೆಯ ತಂಗಿ. "ನಂಗ ಏಳು ವರ್ಷ. ಲಗ್ನಕ್ಕಂತ ಪಡಸಾಲಿಗಿ ಪರಸಿ ಹಾಸಿದ್ರು. ನಾ ಕಲ್ಲು ಎಣಿಸ್ತಾ ಕೂತಿದ್ದೆ, ಅದು ನೆನಪದ. ಮುತ್ಯಾ ಗುಂಡಿ ಮುಚ್ಚೋವಾಗ ಏನೋ ಒಳಗ ಹಾಕ್ದಾ. ತೆಗೆದ ಜಾಗ ಬರಿದು ಬಿಡಬಾರ್ದು ಅಂದಾ. ಏನ್ ತೆಗೆದ್ರು ಅಂತ ನಂಗೇನ್ ಗೊತ್ತು."

ಆಯಿ ಎಲ್ಲಿದ್ದಳು ಆಗ ಅಂತ ಕೇಳಿದೆ.

"ಅವ್ವ ಇರ್ಲಿಲ್ಲ. ಬಾಣಂತನಕ್ಕ ತವರುಮನಿಗಿ ಹೋಗಿದ್ಳು. ತಂಗಿ ಹುಟ್ಟಿದ್ದು ಅವಾಗೇ."

ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಆಯಿ ವಾಪಸ್ ಬಂದಾಗ ಪಡಸಾಲೆಯ ತುಂಬ ಹೊಸ ಪರಸಿ. ಮದುವೆ ಮುಗಿದಿತ್ತು, ಸಾಲ ಆಗಿರಲಿಲ್ಲ. ದುಡ್ಡು ಎಲ್ಲಿಂದ ಬಂತು ಅಂತ ಸೊಸೆ ಕೇಳುವ ಮನೆಯಲ್ಲ ಅದು. ಹೇಳಬೇಕು ಅಂತ ಮನೆಯ ಗಂಡಸರಿಗೂ ಅನಿಸಲಿಲ್ಲ. ಆಯಿ ಪರಸಿಯ ಮೇಲೆ ಹಗೇವಿನ ಕಡೆಯಿಂದ ಮೂರು ಮಾರು ಅಳೆದು, ಅದೇ ಮೂಲೆಯಲ್ಲಿ ಹೊರಸು ಹಾಕಿದಳು.

ಕಾಕಾ ಪೈಸೆಯನ್ನು ಅಂಗೈಯಲ್ಲಿ ಇಟ್ಟುಕೊಂಡೇ ಕೂತಿದ್ದರು. ಬಿಸಿಲು ನೆತ್ತಿಗೆ ಬಂದಿತ್ತು. ನೆರಳಿಗೆ ಬನ್ನಿ ಅಂದೆ.

"ಅವ್ವ ಇಲ್ಲೇ ಮಲಗ್ತಿದ್ಳು ನೋಡು," ಅಂದರು. "ಎಂಥಾ ಧಗಿ ಇದ್ರೂ ಇಲ್ಲೇ."